ಹೊಸದುರ್ಗ ರೋಡಲ್ಲಿ ತಪ್ಪಿದ್ದು ಬಾಲಸೋರಲ್ಲಿ ಆಯ್ತು. ಹೊಣೆ ಯಾರದು, ಪರಿಹಾರ ಯಾರಿಗೆ?

ಬೀರೂರು ಜಂಕ್ಷನ್:
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೇಲಿ ಕೊರೀತಿದ್ದ ವಿಷಯ, ಇವತ್ತು ಬರೆದೇಬಿಡ್ತೀನಿ. 2023ರ ಫೆಬ್ರವರಿ 8ರಂದು ನಮ್ಮ ಬೀರೂರು–ಚಿಕ್ಕಜಾಜೂರು ಲೈನಿನ ಹೊಸದುರ್ಗ ರೋಡ್ ಸ್ಟೇಷನ್ನಿಂದ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಾಗ ಪಾಯಿಂಟ್, ಅಂದ್ರೆ ಗಾಡೀನ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ ಜಾಗ, ತಪ್ಪು ಲೈನ್‌ಗೆ ಕೂತಿತ್ತು. ಎದುರಿಂದ ಗಾಡಿ ಬರೋ ಲೈನ್ ಅದು. ಲೋಕೋ ಪೈಲಟ್ ಕಣ್ಣಿಗೆ ಅದು ಬಿದ್ದು ಗಾಡಿ ನಿಲ್ಲಿಸಿದ್ರು, ಇಲ್ಲ ಅಂದಿದ್ರೆ ಏನಾಗ್ತಿತ್ತು ಅಂತ ನೆನೆಸ್ಕೊಂಡ್ರೆ ಈಗ್ಲೂ ಮೈ ನಡುಗುತ್ತೆ, ಆ ಗಾಡೀಲಿ ನಮ್ಮ ಊರಿನವ್ರು ಎಷ್ಟು ಜನ ಇರ್ತಾರೋ. ಮರುದಿನವೇ ನೈಋತ್ಯ ರೈಲ್ವೆಯ ಆಪರೇಟಿಂಗ್ ವಿಭಾಗದ ಮುಖ್ಯ ಅಧಿಕಾರಿ ಪತ್ರ ಬರೆದ್ರು, ಗಾಡಿ ಹೊರಟ ಮೇಲೆ ರೂಟ್ ಬದಲಾಗೋ ಅಷ್ಟು ದೊಡ್ಡ ದೋಷ ವ್ಯವಸ್ಥೆಯಲ್ಲಿದೆ, ಈಗಲೇ ಸರಿ ಮಾಡದಿದ್ರೆ ದೊಡ್ಡ ಅಪಘಾತ ಆಗುತ್ತೆ ಅಂತ. ನಾಲ್ಕು ತಿಂಗಳು ತುಂಬೋದ್ರೊಳಗೆ, ಜೂನ್ 2ಕ್ಕೆ, ಒಡಿಶಾದ ಬಾಲಸೋರ್ ಹತ್ರ ಬಹನಾಗಾ ಬಜಾರಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು ಸಿಗ್ನಲ್ ಇತ್ತು, ಪಾಯಿಂಟ್ ಮಾತ್ರ ಗಾಡಿ ನಿಲ್ಲಿಸೋ ಪಕ್ಕದ ಲೂಪ್ ಲೈನ್‌ಗಿತ್ತು, ನಿಂತಿದ್ದ ಅದಿರು ಗೂಡ್ಸ್‌ಗೆ ಹೋಗಿ ಗುದ್ದಿತು. ಉರುಳಿದ ಬೋಗಿಗಳು ಪಕ್ಕದ ಲೈನಲ್ಲಿ ಹೋಗ್ತಿದ್ದ ಬೆಂಗಳೂರು–ಹೌರಾ ಗಾಡಿಯ ಹಿಂದಿನ ಬೋಗಿಗಳಿಗೆ ತಗುಲಿದ್ವು. 290ಕ್ಕಿಂತ ಜಾಸ್ತಿ ಜನ ಹೋದ್ರು.
ನನ್ನ ಪ್ರಶ್ನೆ ಒಂದೇ. ಪತ್ರ ಬರೆದು ಎಚ್ಚರಿಸಿದ ಮೇಲೂ ಆಯ್ತು ಅಂದ್ರೆ ಹೊಣೆ ಸ್ಥಳದಲ್ಲಿ ಸಿಗ್ನಲ್ ವೈರ್ ತಪ್ಪಾಗಿ ಜೋಡಿಸಿದವನದ್ದಾ, ಪತ್ರ ಓದಿ ಪಕ್ಕಕ್ಕಿಟ್ಟವರದ್ದಾ?

ಹುಬ್ಬಳ್ಳಿ ಸಿಗ್ನಲ್:
31 ವರ್ಷ ರೈಲ್ವೆ ಎಸ್ ಅಂಡ್ ಟಿ (ಸಿಗ್ನಲ್, ಟೆಲಿಕಾಂ) ಒಳಗ ದುಡದು ರಿಟೈರ್ ಆಗೇನ್ರಿ. ನೀವು ಎರಡೂ ಘಟನಾ ಒಂದ ಅಂತ ಬರದೀರಿ, ಅದು ಹಂಗಲ್ಲ. ಹೊಸದುರ್ಗ ರೋಡ್‌ನಾಗ ಸಿಗ್ನಲ್ ವ್ಯವಸ್ಥಾ ಫೇಲ್ಯೂರ್ ಆಗಿ ಪೇಪರ್ ಮ್ಯಾಲೆ ಅನುಮತಿ ಬರದುಕೊಟ್ಟು ಗಾಡಿ ಬಿಟ್ಟಿದ್ರು, ಬಾಲಸೋರ್‌ನಾಗ ಲೆವೆಲ್ ಕ್ರಾಸಿಂಗ್ ಗೇಟ್ 94ರ ಎಲೆಕ್ಟ್ರಿಕ್ ಬ್ಯಾರಿಯರ್ ಬದಲಿ ಮಾಡೋ ಕೆಲಸ ನಡದಿತ್ತು, ಅದಕ್ಕಿಂತ ಮೊದಲ ಗುಮ್ಟಿಯೊಳಗ, ಅಂದ್ರ ಸಿಗ್ನಲ್ ಸಲಕರಣಿ ಇಡೋ ಸಣ್ಣ ಖೋಲಿಯೊಳಗ, ಸರ್ಕ್ಯೂಟ್ ಬದಲಿ ಮಾಡಿದಾಗ ಆದ ತಪ್ಪೂ ಹಂಗ ಉಳದಿತ್ತು. ಕಾರಣ ಬ್ಯಾರೆ ಬ್ಯಾರೆ. ಆದ್ರ ಒಂದು ಮಾತು ಖರೆ, ಎರಡೂ ಕಡೆ ಸ್ಟೇಷನ್ ಮಾಸ್ಟರ್ ಪ್ಯಾನೆಲ್‌ನಾಗ ಕಂಡಿದ್ದು ಒಂದು, ನೆಲದ ಮ್ಯಾಲೆ ಇದ್ದದ್ದು ಇನ್ನೊಂದು. ಲೊಕೇಷನ್ ಬಾಕ್ಸ್ (ಹಳಿ ಪಕ್ಕದ ವೈರಿಂಗ್ ಪೆಟಗಿ) ತಗದು ಕೆಲಸ ಮಾಡಾಕ, ಸಿಗ್ನಲ್ ಬಂದ್ ಮಾಡ್ತೀವಿ ಅಂತ ಡಿಸ್‌ಕನೆಕ್ಷನ್ ಮೆಮೊ ಕೊಡಬೇಕು, ಮುಗದ ಮ್ಯಾಲೆ ಪಾಯಿಂಟ್ ತಿರಿಗ್ಸಿ ಟೆಸ್ಟ್ ಮಾಡಿ ರೀಕನೆಕ್ಷನ್ ಕೊಡಬೇಕು. ಮೆಮೊ ಕೊಟ್ರ ಗಾಡಿ ನಿಲ್ತಾವು, ಗಾಡಿ ನಿಂತ್ರ ಗಾಡಿ ಓಡಾಟ ನೋಡ್ಕೊಳ್ಳೋ ಕಂಟ್ರೋಲ್ ಆಫೀಸಿನಿಂದ ಐದು ನಿಮಿಷಕ್ಕೊಮ್ಮೆ ಫೋನು. ನಾ ಅನುಭವಿಸಿದ್ದು ಹೇಳಾಕತ್ತೀನಿ. ಹುಡುಗರು ಶಾರ್ಟ್‌ಕಟ್ ಹೊಡಿಯೋದು ಸೋಮಾರಿತನಕ್ಕಲ್ಲ.

ತೆರಿಗೆದಾರ ಬೆಂಗಳೂರು:
"ಶಾರ್ಟ್‌ಕಟ್ ಹೊಡಿಯೋದು ಸೋಮಾರಿತನಕ್ಕಲ್ಲ" ಅಂತ ರಿಟೈರ್ಡ್ ನೌಕರರೇ ಬರೀತಾರೆ ಅಂದ್ರೆ ಇನ್ನೇನು ಹೇಳೋದು ಸರ್. 290 ಜೀವ ಹೋಗಿದೆ. ಸಿಬಿಐ ಮೂರು ಜನ ರೈಲ್ವೆ ನೌಕರರನ್ನ ಅರೆಸ್ಟ್ ಮಾಡ್ತು, ಕೊಲೆಯಲ್ಲದ ನರಹತ್ಯೆ ಸೆಕ್ಷನ್ 304 ಹಾಕ್ತು. ಅದು ಸರಿಯಾಗೇ ಇದೆ. ಇನ್ನು ಒಟ್ಟಾರೆ ವ್ಯವಸ್ಥೆ ಕೆಟ್ಟಿದೆ ಅಂತ ಬೊಬ್ಬೆ ಹೊಡೆಯೋವ್ರಿಗೆ ಅಂಕಿ ಅಂಶ ಕೊಡ್ತೀನಿ: ದೊಡ್ಡ ಅಪಘಾತಗಳು 2014-15ರಲ್ಲಿ 135 ಇತ್ತು, 2023-24ರಲ್ಲಿ 40. ಇದನ್ನ ಯಾಕೆ ಯಾರೂ ಬರೆಯಲ್ಲ?

ಬೀರೂರು ಜಂಕ್ಷನ್:
ಆ 40ರಲ್ಲಿ ಬಾಲಸೋರೂ ಒಂದು ಸರ್. ಲೆಕ್ಕದಲ್ಲಿ ಒಂದು ಅಂಕಿ, ಮನೆಗಳಲ್ಲಿ ಸುಮಾರು 300 ಸಾವು. ಸಂಖ್ಯೆ ಇಳಿದಿರೋದು ಸಂತೋಷವೇ, ನಾನು ಕೇಳಿದ್ದು ಪತ್ರದ ಬಗ್ಗೆ.

ಮಲ್ಲೇಶ್ವರದ ವಕೀಲ:
ಹೊಣೆ ಅನ್ನೋ ಪದಾನ ಇಲ್ಲಿ ಎಲ್ರೂ ಕ್ರಿಮಿನಲ್ ಅರ್ಥದಲ್ಲಿ ಬಳಸ್ತಿದೀರಿ. ಗಾಯಾಳುಗೆ, ಸತ್ತವ್ರ ಮನೆಯವ್ರಿಗೆ ಬೇಕಾಗಿರೋದು ಸಿವಿಲ್ ಹೊಣೆ. 1989ರ ರೈಲ್ವೆ ಕಾಯ್ದೆ ಸೆಕ್ಷನ್ 124 ಓದಿ. ಡಿಕ್ಕಿ, ಹಳಿ ತಪ್ಪೋದು ಇತ್ಯಾದಿ ಆದ್ರೆ ರೈಲ್ವೆ ಕಡೆಯಿಂದ ತಪ್ಪು ನಡೆದಿರ್ಲಿ ಬಿಡ್ಲಿ ಪರಿಹಾರ ಕೊಡಲೇಬೇಕು. ವೈರ್ ಯಾರು ಜೋಡಿಸಿದ್ರು, ಪತ್ರ ಯಾರು ಓದಿದ್ರು ಅಂತ ಗಾಯಾಳು ಸಾಬೀತು ಮಾಡೋ ಅಗತ್ಯಾನೇ ಇಲ್ಲ. 1994ರಲ್ಲಿ 124ಎ ಸೇರಿಸಿದ್ರು, ಅದರ ಪ್ರಕಾರ ಗಾಡಿಯಿಂದ ಆಕಸ್ಮಿಕವಾಗಿ ಬಿದ್ದವ್ರಿಗೂ ಹೀಗೇ. ಸಾವಿಗೆ 2017ರ ಜನವರಿ 1ರಿಂದ 8 ಲಕ್ಷ, ಅದಕ್ಕೂ ಮುಂಚೆ 4 ಲಕ್ಷ. ಗಾಯಕ್ಕೆ ಶೆಡ್ಯೂಲ್ ಇದೆ, ಯಾವ ಅಂಗಕ್ಕೆ ಎಷ್ಟು ಅಂತ. ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ ಒಂದು ವರ್ಷದೊಳಗೆ ಅರ್ಜಿ ಹಾಕ್ಬೇಕು, ಬೆಂಗಳೂರಲ್ಲೇ ಬೆಂಚ್ ಇದೆ. ಅಪಘಾತ ಆದ ದಿನ ಸ್ಥಳದಲ್ಲೇ ಕೊಡೋ ನೆರವಿನ ದುಡ್ಡು, ಎಕ್ಸ್‌ಗ್ರೇಷಿಯಾ, ಬೇರೆ, ಈ ಪರಿಹಾರ ಬೇರೆ. ಬಾಲಸೋರ್‌ನಲ್ಲಿ 10 ಲಕ್ಷ ಎಕ್ಸ್‌ಗ್ರೇಷಿಯಾ ಸಿಕ್ತು ಅಂತ ಕ್ಲೇಮ್ ಹಾಕದೆ ಕೂತ್ಕೋಬಾರ್ದು.

ತೆರಿಗೆದಾರ ಬೆಂಗಳೂರು:
"ಗಾಡಿಯಿಂದ ಬಿದ್ದವ್ರಿಗೂ." ಇಲ್ಲೇ ನನ್ನ ಆಕ್ಷೇಪ. ಡಿಕ್ಕಿ ಆದ್ರೆ ಕೊಡಿ, ಯಾರೂ ಬೇಡ ಅನ್ನಲ್ಲ. ಬಾಗಿಲಲ್ಲಿ ಜೋತಾಡ್ಕೊಂಡು, ಇಯರ್‌ಫೋನ್ ಹಾಕ್ಕೊಂಡು, ರೀಲ್ಸ್ ಮಾಡ್ತಾ ಬಿದ್ದವ್ನಿಗೂ ನನ್ನ ತೆರಿಗೆ ದುಡ್ಡಿಂದ 8 ಲಕ್ಷ ಕೊಡ್ಬೇಕಾ? ಅದೇ ಕಾಯ್ದೆಯ ಸೆಕ್ಷನ್ 156 ಫುಟ್‌ಬೋರ್ಡ್ ಮೇಲೆ, ಟಾಪ್ ಮೇಲೆ ಪ್ರಯಾಣ ಮಾಡೋದು ಅಪರಾಧ ಅನ್ನುತ್ತೆ, ಮೂರು ತಿಂಗಳು ಜೈಲು ಅಥವಾ 500 ದಂಡ. ಒಂದೇ ಕಾಯ್ದೆ ಒಂದು ಕಡೆ ಅಪರಾಧಿ ಅಂತ, ಇನ್ನೊಂದು ಕಡೆ ತಗೋ ಎಂಟು ಲಕ್ಷ ಅಂತ. 124ಎ ಒಳಗೇ ಇದೆ, ತನ್ನದೇ ಕ್ರಿಮಿನಲ್ ಕೃತ್ಯದಿಂದ ಆದ ಗಾಯಕ್ಕೆ ಪರಿಹಾರ ಇಲ್ಲ ಅಂತ. ವಕೀಲರು ಅದನ್ನ ಹೇಳಲಿಲ್ಲ.

ತುಮಕೂರು ಪಾಸ್:
ರೀಲ್ಸ್ ಅಂತೆ. ಒಂದು ದಿನ ಬನ್ನಿ ಸರ್ ಬೆಳಗ್ಗೆ ತುಮಕೂರಿಂದ ಬೆಂಗಳೂರಿಗೆ ಹೋಗೋ ಗಾಡಿಗೆ, ಜನರಲ್ ಬೋಗೀಲಿ ಒಂದು ಕಾಲು ಇಡೋಕೆ ಜಾಗ ಇರಲ್ಲ, ಕ್ಯಾತ್ಸಂದ್ರ, ದಾಬಸ್‌ಪೇಟೆ ದಾಟೋ ಹೊತ್ತಿಗೆ ಒಳಗಿರೋರು ಉಸಿರಾಡೋದೇ ಕಷ್ಟ. ನಾನು ಒಂಬತ್ತು ವರ್ಷದಿಂದ ಪಾಸ್ ಇಟ್ಕೊಂಡು ಓಡಾಡ್ತಿದೀನಿ, ಬಾಗಿಲಲ್ಲಿ ನಿಲ್ಲೋದು ಆಸೆಯಿಂದ ಅಲ್ಲ, ಹಿಂದಿನವ್ರು ತಳ್ಳಿ ನಿಲ್ಲಿಸ್ತಾರೆ, ಆ ಗಾಡಿ ತಪ್ಪಿದ್ರೆ ಗಾರ್ಮೆಂಟ್ಸ್‌ನಲ್ಲಿ ಅರ್ಧ ದಿನದ ಸಂಬಳ ಕಟ್ ಆಗುತ್ತೆ. ನಮ್ಮ ಬೋಗೀಲಿ ದಿನಾ ಬರ್ತಿದ್ದ ಒಬ್ಬ ಹುಡುಗ, 22 ವಯಸ್ಸು, ಬಿದ್ದು ಬಲಗಾಲು ಪಾದ ಹೋಯ್ತು. ಟಿಕೆಟ್ ಫೋನಲ್ಲಿತ್ತು, ಜನರಲ್ ಟಿಕೆಟ್ ಕೊಡೋ ಯುಟಿಎಸ್ ಆಪ್‌ನಲ್ಲಿ. ಫೋನ್ ಚಕ್ರದ ಕೆಳಗೆ ಪುಡಿ ಆಯ್ತು. ಆಮೇಲೆ ಎಲ್ಲಿ ಹೋದ್ರೂ ಕೇಳಿದ್ದು ಒಂದೇ, "ಟಿಕೆಟ್ ಎಲ್ಲಿ?" ಯಾವ ಸ್ಟೇಷನ್ನು, ಯಾವ ಆಫೀಸು ಅಂತ ಬರೆಯಲ್ಲ, ಅವ್ನ ಕೇಸು ಇನ್ನೂ ನಡೀತಿದೆ.

ತೆರಿಗೆದಾರ ಬೆಂಗಳೂರು:
"ಹಿಂದಿನವ್ರು ತಳ್ಳಿ ನಿಲ್ಲಿಸ್ತಾರೆ" ಅಂದ್ರೆ ತಪ್ಪು ತಳ್ಳಿದವ್ರದ್ದು, ರೈಲ್ವೆದಲ್ಲ. ನೀವೇ ಒಪ್ಕೊಂಡ್ರಿ.

ತುಮಕೂರು ಪಾಸ್:
ನಾನು ಏನೂ ಒಪ್ಕೊಂಡಿಲ್ಲ. ಒಂದು ಹುಡುಗನ ಕಾಲು ಹೋದ ವಿಷಯ ಬರೆದ್ರೆ ಅದ್ರಲ್ಲಿ ನಿಮಗೆ ಕಂಡಿದ್ದು ಇಷ್ಟೇನಾ? 90 ಸೀಟಿನ ಬೋಗಿಗೆ ಮುನ್ನೂರು ಟಿಕೆಟ್ ಕೊಟ್ಟವ್ರು ಯಾರು?

ಮಲ್ಲೇಶ್ವರದ ವಕೀಲ:
ತೆರಿಗೆದಾರ ಅವ್ರೇ, ನಾನು ಹೇಳಲಿಲ್ಲ ಅಂದ್ರಲ್ಲ, ಈಗ ಕೇಳಿ. 2010ರ ಜಮೀಲಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆ ತೀರ್ಮಾನ ಮಾಡಿದೆ. ಸತ್ತವ್ರು ತೆರೆದ ಬಾಗಿಲ ಹತ್ರ ನಿಂತಿದ್ರು, ಅದು ಅಜಾಗರೂಕತೆ ಅಂತ ರೈಲ್ವೆ ವಾದ. ಅಜಾಗರೂಕತೆ ಇರಬಹುದು, ಅದು ಕ್ರಿಮಿನಲ್ ಕೃತ್ಯ ಅಲ್ಲ, ತಾನೇ ಮಾಡ್ಕೊಂಡ ಗಾಯವೂ ಅಲ್ಲ ಅಂತ ಕೋರ್ಟ್ ಹೇಳ್ತು. ಅದಕ್ಕೂ ಮುಂಚೆ 2008ರಲ್ಲಿ ಪ್ರಭಾಕರನ್ ವಿಜಯ ಕುಮಾರ್ ಕೇಸು, ಕೇರಳದ್ದು, ಗಾಡಿ ಹತ್ತೋವಾಗ ಬಿದ್ದ ಹೆಣ್ಣುಮಗಳದ್ದು. ಹತ್ತೋಕೆ ಹೋಗಿ ಬಿದ್ರೂ ಆಕಸ್ಮಿಕ ಬೀಳುವಿಕೆ ಅಂತ ಅದ್ರಲ್ಲೇ ಇತ್ಯರ್ಥ ಆಗಿದೆ.
ಆ ಹುಡುಗನ ಟಿಕೆಟ್ ವಿಷಯಕ್ಕೆ: 2018ರ ಮೇ 9ರ ರೀನಾ ದೇವಿ ತೀರ್ಪು. ಮೈಮೇಲೆ ಟಿಕೆಟ್ ಸಿಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಪ್ರಯಾಣಿಕನೇ ಅಲ್ಲ ಅನ್ನೋ ಹಾಗಿಲ್ಲ. ಮನೆಯವ್ರು ಅಫಿಡವಿಟ್ ಹಾಕಿ ಸಂಗತಿ ಹೇಳಿದ್ರೆ ಸಾಬೀತು ಮಾಡೋ ಮೊದಲ ಹೊರೆ ತೀರುತ್ತೆ, ಅಲ್ಲಿಂದ ಮುಂದೆ ಅಲ್ಲ ಅಂತ ಸಾಬೀತು ಮಾಡೋದು ರೈಲ್ವೆ ಕೆಲಸ. ಆಪ್ ಟಿಕೆಟ್ ಆದ್ರೆ ಇನ್ನೂ ಸುಲಭ ಕಣ್ರೀ, ಆ ನಂಬರ್‌ಗೆ ಟಿಕೆಟ್ ಕೊಟ್ಟ ದಾಖಲೆ ಅವ್ರ ಸರ್ವರ್‌ನಲ್ಲೇ ಇರುತ್ತೆ, ಅದನ್ನ ತರಿಸಿ ಅಂತ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿಸಿ.

ತೆರಿಗೆದಾರ ಬೆಂಗಳೂರು:
"ಅಜಾಗರೂಕತೆ ಇರಬಹುದು." ಕೋರ್ಟೇ ಹೇಳಿದೆ ಇರಬಹುದು ಅಂತ. ರಸ್ತೆ ಅಪಘಾತದಲ್ಲಿ ಹೆಲ್ಮೆಟ್ ಹಾಕದಿದ್ರೆ, ಸವಾರನ ತಪ್ಪು ಇದ್ರೆ ಪರಿಹಾರ ಕಡಿತ ಮಾಡ್ತಾರೆ. ಇಲ್ಲಿ ಒಂದು ರೂಪಾಯಿ ಕಡಿತ ಇಲ್ಲ. ಇದು ನ್ಯಾಯ ಅಂತೀರಾ?

ಮಲ್ಲೇಶ್ವರದ ವಕೀಲ:
ರಸ್ತೆ ಅಪಘಾತಕ್ಕೆ ಹೋಲಿಸಿದ್ದು ಒಳ್ಳೇದೇ ಆಯ್ತು. ಬಸ್ಸಿಗೆ ಸಿಕ್ಕಿ ಸತ್ತ 30 ವರ್ಷದ ಇಂಜಿನಿಯರ್ ಮನೆಯವ್ರಿಗೆ ಮೋಟಾರ್ ಟ್ರಿಬ್ಯೂನಲ್ ಸಂಬಳ, ವಯಸ್ಸು ಲೆಕ್ಕ ಹಾಕಿ ಗುಣಿಸಿ ಕೊಡುತ್ತೆ, ಮೇಲ್ಮಿತಿ ಇಲ್ಲ. ಅದೇ ಮನುಷ್ಯ ರೈಲಲ್ಲಿ ಸತ್ರೆ 8 ಲಕ್ಷ, ಮುಗೀತು. ಕೂಲಿಯವ್ನಿಗೂ ಅಷ್ಟೇ, ಇಂಜಿನಿಯರ್‌ಗೂ ಅಷ್ಟೇ. ತಪ್ಪು ಹುಡುಕಲ್ಲ, ಅದ್ರ ಬದಲು ಮೊತ್ತ ಕಟ್ಟಿಹಾಕಿದಾರೆ. ಒಂದು ಕಡೆ ಕಡಿತ ಬೇಕು, ಇನ್ನೊಂದು ಕಡೆ ಮಿತಿಯೂ ಬೇಕು ಅಂದ್ರೆ ಗಾಯಾಳುಗೆ ಉಳಿಯೋದೇನು?

ಡೊಂಬಿವಲಿ ಕನ್ನಡತಿ:
ನಾನು ಮೂಲ ವಿಜಯಪುರದಾಕಿ, 24 ವರ್ಷ ಆತು ಇಲ್ಲೇ ಡೊಂಬಿವಲಿಯೊಳಗ ಸಂಸಾರ. ಬಾಗಿಲ ಬಗ್ಗೆ ಮಾತಾಡೋರು 2025ರ ಜೂನ್ 9ರ, ಮುಂಬೈ ಹತ್ರದ ಮುಂಬ್ರಾ ನೆನಪ ಮಾಡ್ಕೋರಿ. ಎರಡು ಲೋಕಲ್ ತಿರುವಿನ್ಯಾಗ ಎದುರಾ ಬದುರಾ ಹಾದು ಹೋಗಾಗ ಬಾಗಿಲದಾಗ ಜೋತುಬಿದ್ದವರು ಒಬ್ಬರಿಗೊಬ್ಬರು ತಾಗಿ ಹಳಿ ಮ್ಯಾಲೆ ಬಿದ್ರು. ಆಫೀಸಿಗೆ ಹೊಂಟವರು ಅವರೆಲ್ಲಾ. ಅವತ್ತು ನಮ್ಮ ಬಿಲ್ಡಿಂಗಿನ ಅರ್ಧ ಮಂದಿ ಅದ ಲೈನಿನ್ಯಾಗ ಹೋಗಿದ್ರು, ಫೋನ್ ಹತ್ತೋತನಕ ನಾವು ಹೆಂಗಸರು ಮೆಟ್ಟಲದ ಮ್ಯಾಲೆ ಕುಂತಿದ್ವಿ. ರೈಲು ಸುರಕ್ಷತಾ ಬಗ್ಗೆ 2012ರ ಕಾಕೋಡ್ಕರ್ ಸಮಿತಿನ ಬರದಿತ್ತು, ಹಳಿ ಮ್ಯಾಲೆ ವರ್ಷಕ್ಕ 15 ಸಾವಿರ ಮಂದಿ ಸಾಯ್ತಾರ, ಅದ್ರಾಗ 6 ಸಾವಿರ ಮುಂಬೈ ಲೋಕಲ್ ಲೈನ್‌ದೊಳಗ ಅಂತ. ತೆರಿಗೆದಾರ ಅಣ್ಣಾರು 135, 40 ಅಂತ ಲೆಕ್ಕ ಕೊಟ್ರಲ್ಲ, ಅದ್ರಾಗ ಇವರು ಯಾರೂ ಬರಂಗಿಲ್ಲ.

ತೆರಿಗೆದಾರ ಬೆಂಗಳೂರು:
ಕಾಕೋಡ್ಕರ್ ಸಮಿತಿಯ 15 ಸಾವಿರ ಹಳಿ ದಾಟೋಕೆ ಹೋಗಿ ಸತ್ತವರ ಲೆಕ್ಕ ಮೇಡಂ, ಅತಿಕ್ರಮ ಪ್ರವೇಶ. ಅದೂ ಅಪರಾಧವೇ, ಸೆಕ್ಷನ್ 147. ಗಾಡಿಯಿಂದ ಬಿದ್ದವ್ರ ಲೆಕ್ಕಕ್ಕೆ ಅದನ್ನ ಸೇರಿಸಬೇಡಿ.

ಡೊಂಬಿವಲಿ ಕನ್ನಡತಿ:
ಹಳಿ ದಾಟೋರು ಯಾಕ ದಾಟ್ತಾರ? ಬ್ರಿಜ್ ಒಂದು ಫರ್ಲಾಂಗ್ ಆಚೆ ಇರ್ತದ, ಇರೋ ಒಂದು ಬ್ರಿಜ್ ಮ್ಯಾಲೆ ಮಂದಿ ಕಿಕ್ಕಿರಿದಿರ್ತಾರ. ಅದ ಸಮಿತಿ ಇದನ್ನ ಹತ್ಯಾಕಾಂಡ ಅನ್ನೋ ಅರ್ಥದ ಮಾತಿನ್ಯಾಗ ಬರದದ. ನೀವು ಅಪರಾಧ ಅಂತೀರಿ.

ಸುರತ್ಕಲ್ ಹುಡುಗ:
ಎಂತ ಮಾರಾಯ್ರೆ ಇಷ್ಟು ಜಗಳ. ಟಿಕೆಟ್ ಮಾಡುವಾಗ 45 ಪೈಸೆ ಇನ್ಶೂರೆನ್ಸ್ ಉಂಟಲ್ಲ, ಒಂದು ಟಿಕ್ ಹಾಕಿದ್ರೆ ಆಯ್ತು, ಸತ್ರೆ 10 ಲಕ್ಷ, ಭಾಗಶಃ ಅಂಗವೈಕಲ್ಯ ಆದ್ರೆ ಏಳೂವರೆ, ಆಸ್ಪತ್ರೆ ಖರ್ಚಿಗೆ 2 ಲಕ್ಷ. ಅದನ್ನು ಯಾರೂ ಹಾಕುವುದಿಲ್ಲ, ಮತ್ತೆ ಕೋರ್ಟು ಕಚೇರಿ ಅಂತ ಅಲೆಯುವುದು. ಮತ್ತೆ ಎಲ್ಲಾ ಅಪಘಾತಕ್ಕೂ ಮನುಷ್ಯನ ತಪ್ಪೇ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ನಮ್ಮ ಕೊಂಕಣ ರೈಲ್ವೆಯಲ್ಲಿ 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬೈಗೆ ಹೋಗುವ ಹಾಲಿಡೇ ಸ್ಪೆಷಲ್ ವೈಭವವಾಡಿ ಹತ್ತಿರ ಗುಡ್ಡ ಜರಿದ ಕಲ್ಲಿಗೆ ಗುದ್ದಿ ಸುಮಾರು 50 ಜನ ಹೋದ್ರು, ಮರುವರ್ಷ ಜೂನ್‌ನಲ್ಲೇ ಮಂಗಳೂರಿನ ಮತ್ಸ್ಯಗಂಧಾ ಕಾರಂಜಾಡಿ ಹತ್ತಿರ ಹಾಗೆಯೇ ಉರುಳಿತು. ಮಳೆ, ಗುಡ್ಡ. ಇದಕ್ಕೆ ಯಾರನ್ನು ಜೈಲಿಗೆ ಹಾಕುವುದು?

ತುಮಕೂರು ಪಾಸ್:
"ಒಂದು ಟಿಕ್ ಹಾಕಿದ್ರೆ ಆಯ್ತು." ಯಾರಿಗೆ ಸ್ವಾಮಿ? ಅದು ಆನ್‌ಲೈನ್‌ನಲ್ಲಿ ಬುಕ್ ಮಾಡೋ ರಿಸರ್ವೇಷನ್ ಟಿಕೆಟ್‌ಗೆ ಮಾತ್ರ. ಕೌಂಟರ್‌ನಲ್ಲಿ ತಗೊಂಡ ಜನರಲ್ ಟಿಕೆಟ್‌ಗೆ ಇಲ್ಲ, ನಮ್ಮ ಪಾಸ್‌ಗೆ ಇಲ್ಲ. ಬಾಗಿಲಲ್ಲಿ ನೇತಾಡೋ ಪರಿಸ್ಥಿತಿ ಯಾರಿಗಿದೆಯೋ ಅವ್ರಿಗೇ ಇನ್ಶೂರೆನ್ಸ್ ಇಲ್ಲ. ಬಾಲಸೋರ್‌ನಲ್ಲಿ ಕೋರಮಂಡಲ್‌ನ ಮುಂದಿನ ಜನರಲ್ ಬೋಗಿಗಳಲ್ಲಿ ಇದ್ದವ್ರ ಹೆಸರು ಕೂಡ ಚಾರ್ಟ್‌ನಲ್ಲಿ ಇರ್ಲಿಲ್ಲ, ಹೆಣ ಗುರುತು ಹಿಡಿಯೋಕೆ ಡಿಎನ್‌ಎ ಟೆಸ್ಟ್ ಮಾಡ್ಬೇಕಾಯ್ತು, ತಿಂಗಳುಗಟ್ಟಲೆ ಮನೆಯವ್ರು ಭುವನೇಶ್ವರದಲ್ಲಿ ಕಾದ್ರು.

ಸುರತ್ಕಲ್ ಹುಡುಗ:
ಜನರಲ್‌ಗೂ ಕೊಡ್ಬೇಕು ಅಂತ ಹೇಳಿ, ಅದು ನ್ಯಾಯದ ಮಾತು. ನನಗೆ ಸಿಟ್ಟು ಮಾಡಿ ಎಂತ ಪ್ರಯೋಜನ.

ಮಲ್ಲೇಶ್ವರದ ವಕೀಲ:
"ಮಳೆ, ಗುಡ್ಡ" ಅನ್ನೋದು ಕೋರ್ಟಲ್ಲಿ ನಿಲ್ಲಲ್ಲ. ಸೆಕ್ಷನ್ 124ರಲ್ಲಿ ದೈವಕೃತ್ಯ ಅಂತ ಯಾವ ವಿನಾಯಿತಿಯೂ ಇಲ್ಲ. ಗುಡ್ಡ ಜರಿದ್ರೂ ಹಳಿ ತಪ್ಪಿದ್ರೆ ಕೊಡಲೇಬೇಕು. ಇನ್ಶೂರೆನ್ಸ್ ದುಡ್ಡು ಬಂದ್ರೂ ಟ್ರಿಬ್ಯೂನಲ್ ಪರಿಹಾರ ಬೇರೆಯಾಗೇ ಸಿಗುತ್ತೆ, ಸೆಕ್ಷನ್ 128 ನೋಡಿ.

ಸುರತ್ಕಲ್ ಹುಡುಗ:
ನಾನು ಕೇಳಿದ್ದು ಜೈಲಿಗೆ ಯಾರನ್ನು ಹಾಕುವುದು ಅಂತ. ನೀವು ಪರಿಹಾರದ ಸೆಕ್ಷನ್ ಹೇಳಿದ್ರಿ. ಮತ್ತೆ ಆ ಎರಡು ಅಪಘಾತದ ಮೇಲೆಯೇ ಅಲ್ಲಿ ಮಳೆಗಾಲದ ಟೈಂಟೇಬಲ್ ಬೇರೆ ಮಾಡಿದ್ದು, ಸ್ಪೀಡ್ ಕಮ್ಮಿ, ಗುಡ್ಡ ಕಡಿದು ಬಲೆ ಹಾಕಿದ್ದು, ರಾತ್ರಿ ಹಗಲು ಹಳಿ ಮೇಲೆ ನಡೆದು ನೋಡುವ ಜನ. ಅಪ್ಪ ಸ್ವಲ್ಪ ವರ್ಷ ಆ ಪ್ಯಾಟ್ರೋಲಿಂಗ್ ಕೆಲಸ ಮಾಡಿದ್ದಾರೆ, ಮಳೆಯಲ್ಲಿ ಟಾರ್ಚು ಹಿಡಿದು ಸುರಂಗದ ಬಾಯಿಯವರೆಗೆ. ಅವರ ಕೆಲಸಕ್ಕೆ ಯಾರೂ ಲೆಕ್ಕ ಕೊಡುವುದಿಲ್ಲ, ತಪ್ಪಿದ್ದು ಮಾತ್ರ ಲೆಕ್ಕಕ್ಕೆ ಬರುವುದು.

ಹುಬ್ಬಳ್ಳಿ ಸಿಗ್ನಲ್:
"ತಪ್ಪಿದ್ದು ಮಾತ್ರ ಲೆಕ್ಕಕ್ಕೆ ಬರುವುದು." ಈ ಹುಡುಗ ಹೇಳಿದ್ದು ನೂರಕ್ಕ ನೂರು ಖರೆ. 2012ರ ಮೇ 22, ಹುಬ್ಬಳ್ಳಿಯಿಂದ ಹೊಂಟ ಹಂಪಿ ಎಕ್ಸ್‌ಪ್ರೆಸ್ ಪೆನುಕೊಂಡದಾಗ ನಿಂತ ಗೂಡ್ಸ್‌ಗೆ ಹೊಡೀತು, ನಸುಕಿನ್ಯಾಗ. ಕೆಂಪು ಸಿಗ್ನಲ್ ದಾಟಿ ಹೋಗಿತ್ತು. ಎಲ್ಲಾರೂ ಡ್ರೈವರ್ ಡ್ರೈವರ್ ಅಂದ್ರು. ಆ ಡ್ರೈವರ್ ಎಷ್ಟು ರಾತ್ರಿ ನಿದ್ದಿಗೆಟ್ಟಿದ್ದ ಅಂತ ಪ್ಯಾಟ್ಯಾಗಿನ ಮಂದಿ ಯಾರರೆ ಕೇಳಿದ್ರೇನು? ಕಣ್ಣು ತಪ್ಪಿದ್ರ ಗಾಡಿ ತಾನ ನಿಲ್ಲೋ ವ್ಯವಸ್ಥಾ ಆಗ ಇರಬೇಕಾಗಿತ್ತು, ಈಗ ಕವಚ್ ಅಂತ ಹಾಕಾಕತ್ತಾರಲ್ಲ, ಅಂಥಾದ್ದು. ಮನಷ್ಯಾ ಅಂದ ಮ್ಯಾಲೆ ತಪ್ತಾನ.

ತೆರಿಗೆದಾರ ಬೆಂಗಳೂರು:
ಕವಚ್ ಕವಚ್ ಅಂತ ಎಲ್ರೂ ಹೇಳ್ತಾರೆ. ಬಾಲಸೋರ್‌ನಲ್ಲಿ ಕವಚ್ ಇದ್ದಿದ್ರೂ ಅದು ನಿಲ್ಲಿಸ್ತಿರ್ಲಿಲ್ಲ ಅಂತ ರೈಲ್ವೆಯೇ ಹೇಳಿದೆ, ಸಿಗ್ನಲ್ ಹಸಿರು ಇತ್ತು ಅಂತ.

ಹುಬ್ಬಳ್ಳಿ ಸಿಗ್ನಲ್:
ನಾ ಪೆನುಕೊಂಡದ ಬಗ್ಗೆ ಬರದೇನಿ, ನೀವು ಬಾಲಸೋರ್ ತಂದ್ರಿ. ಓದಿ ಉತ್ತರ ಕೊಡ್ರಿ ಸಾಹೇಬ್ರ.

ತೆರಿಗೆದಾರ ಬೆಂಗಳೂರು:
ನೀವು ಮೊದ್ಲಿಂದ ನೌಕರರ ಪರ ವಕಾಲತ್ತು ಮಾಡ್ತಾನೇ ಇದ್ದೀರಿ. ನಿದ್ದೆ, ಫೋನು, ಒತ್ತಡ. ನನ್ನ ಅಣ್ಣ ಆ 2012ರ ಗಾಡಿಯಲ್ಲೇ ಇದ್ದ. ಬದುಕಿದಾನೆ, ಆದ್ರೆ ಇವತ್ತಿಗೂ ರಾತ್ರಿ ರೈಲು ಹತ್ತಲ್ಲ. ನನಗೆ ಈ ವಿಷಯ ಪುಸ್ತಕದ್ದಲ್ಲ. ತಪ್ಪು ಮಾಡಿದವ್ನು ತಪ್ಪು ಮಾಡಿದಾನೆ ಅಂತ ಹೇಳೋಕೆ ಇಷ್ಟು ಹಿಂಜರಿಕೆ ಯಾಕೆ? ಡ್ರೈವರ್ ಆಗ್ಲಿ, ವೈರ್ ಹಾಕಿದವ್ನಾಗ್ಲಿ, ಬಾಗಿಲಲ್ಲಿ ನೇತಾಡಿದವ್ನಾಗ್ಲಿ.

ಹುಬ್ಬಳ್ಳಿ ಸಿಗ್ನಲ್:
ನಿಮ್ಮ ಅಣ್ಣಾವ್ರು ಆರಾಮ ಇರ್ಲಿ. ಅದು ನನಗ ಗೊತ್ತಿರ್ಲಿಲ್ಲ. ಆದ್ರ ನನ್ನ ಮಾತು ನಾ ವಾಪಸ್ ತಗೊಳ್ಳಂಗಿಲ್ಲ.

ತುಮಕೂರು ಪಾಸ್:
"ಬಾಗಿಲಲ್ಲಿ ನೇತಾಡಿದವ್ನಾಗ್ಲಿ." ಮತ್ತೆ ಅಲ್ಲಿಗೇ ಬಂದ್ರಿ. ನಿಮ್ಮ ಅಣ್ಣ ಸೀಟಲ್ಲಿ ಮಲಗಿದ್ರು, ಅವ್ರು ಅಮಾಯಕರು. ನಮ್ಮ ಹುಡುಗ ಸೀಟ್ ಸಿಗದೆ ನಿಂತಿದ್ದ, ಅವ್ನು ಅಪರಾಧಿ. ಇಬ್ರೂ ಟಿಕೆಟ್ ತಗೊಂಡಿದ್ರು ಸರ್.

ತೆರಿಗೆದಾರ ಬೆಂಗಳೂರು:
ತಗೊಂಡಿದ್ದ ಅಂತ ನೀವು ಹೇಳ್ತಿದೀರಿ. ಸಾಬೀತಾಗಿಲ್ಲ. ಈ ಟಿಕೆಟ್ ಇಲ್ಲದ ಕ್ಲೇಮ್‌ಗಳ ಹಿಂದೆ ದಂಧೆ ಇದೆ. ಪಟ್ನಾದ ರೈಲ್ವೆ ಕ್ಲೇಮ್ ಕೇಸುಗಳಲ್ಲಿ ವಕೀಲರು ಕಕ್ಷಿದಾರರ ಖಾತೆಯಿಂದಲೇ ದುಡ್ಡು ಹೊಡೆದ ಆರೋಪ, ಸಿಬಿಐ ಬಂತು, ಇಡಿ ಬಂತು.

ಮಲ್ಲೇಶ್ವರದ ವಕೀಲ:
ಪಟ್ನಾದಲ್ಲಿ ಆರೋಪ ಇರೋದು ಪರಿಹಾರದ ದುಡ್ಡು ಸಂತ್ರಸ್ತರ ಕೈಗೆ ಸೇರದೆ ಮಧ್ಯೆ ನುಂಗಿದ್ರು ಅಂತ. ಅಲ್ಲಿ ಮೋಸ ಹೋದವ್ರು ಬಿದ್ದವ್ರ ಮನೆಯವ್ರೇ. ಅದನ್ನ ಅವ್ರ ವಿರುದ್ಧವೇ ಎತ್ತಿ ತೋರಿಸ್ತೀರಲ್ಲ. ಅದಕ್ಕೇ ನಾನು ಬಂದವ್ರಿಗೆಲ್ಲ ಹೇಳೋದು, ಖಾಲಿ ಕಾಗದಕ್ಕೆ, ಖಾಲಿ ಚೆಕ್‌ಗೆ ಸಹಿ ಹಾಕಬೇಡಿ, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಹತ್ರಾನೇ ಇಟ್ಕೊಳ್ಳಿ, ನಿಮ್ಮ ವಕೀಲ ನಾನೇ ಆಗಿದ್ರೂ.

ತೆರಿಗೆದಾರ ಬೆಂಗಳೂರು:
ದಂಧೆ ಇದೆ ಅಂತ ಒಪ್ಕೊಂಡ ಹಾಗಾಯ್ತು.

ಡೊಂಬಿವಲಿ ಕನ್ನಡತಿ:
ಅಣ್ಣಾರ, ನೀವು ಗೆಲ್ಲಬೇಕಂತ ಕುಂತೀರಿ. ಒಂದು ಕೆಲಸ ಹೇಳ್ತೀನಿ. ಬಿದ್ದವರಿಗೆ ರೊಕ್ಕ ಕೊಡೋದು ಭಾರ ಅನ್ನಿಸಿದ್ರ ಬೀಳದಂಗ ಮಾಡ್ರಿ ಅಂತ ರೈಲ್ವೆಗೆ ಹೇಳ್ರಿ. ನಮ್ಮಲ್ಲಿ ಎಸಿ ಲೋಕಲ್‌ದಾಗ ಬಾಗಿಲಾ ತಾನ ಮುಚ್ಚತಾವು, ಒಬ್ಬರೂ ಜೋತು ಬೀಳಂಗಿಲ್ಲ. ಸಾದಾ ಲೋಕಲ್‌ಗೂ ಹಂಗ ಬಾಗಿಲಾ ಮಾಡ್ತೀವಿ ಅಂತ ಮುಂಬ್ರಾ ಆದ ಮ್ಯಾಲೆ ಹೇಳ್ಯಾರ. ಸತ್ತ ಮ್ಯಾಲೆ ಯಾಕ ನೆನಪಾತು?

ತೆರಿಗೆದಾರ ಬೆಂಗಳೂರು:
ಬಾಗಿಲು ಮುಚ್ಚಿದ್ರೆ ಒಳಗೆ ಗಾಳಿ ಇಲ್ಲ ಅಂತ ಇದೇ ಜನ ಗಲಾಟೆ ಮಾಡ್ತಾರೆ, ಮುಚ್ಚೋ ಬಾಗಿಲಿಗೆ ಕಲ್ಲು ಅಡ್ಡ ಇಡ್ತಾರೆ. ಮತ್ತೆ ಒಂದು ಕೇಳ್ತೀನಿ, ಉತ್ತರ ಕೊಡಿ: 2018ಕ್ಕೂ ಮುಂಚೆ ಎಷ್ಟೋ ಹೈಕೋರ್ಟ್‌ಗಳು ಓಡೋ ಗಾಡಿ ಹತ್ತೋಕೆ ಹೋಗಿ ಬಿದ್ದವ್ರ ಅರ್ಜಿ ವಜಾ ಮಾಡಿವೆ, ತಾನೇ ಮಾಡ್ಕೊಂಡ ಗಾಯ ಅಂತ. ಅವ್ರೆಲ್ಲ ನ್ಯಾಯಾಧೀಶರಲ್ವಾ?

ಮಲ್ಲೇಶ್ವರದ ವಕೀಲ:
ಆ ಗೊಂದಲ ಇದ್ದಿದ್ದಕ್ಕೇ ರೀನಾ ದೇವಿ ತೀರ್ಪು ಬಂದಿದ್ದು. ತನಗೆ ತಾನೇ ಗಾಯ ಮಾಡ್ಕೋಬೇಕು ಅನ್ನೋ ಉದ್ದೇಶ ಇದ್ರೆ ಮಾತ್ರ ಆ ವಿನಾಯಿತಿ. ಗಾಡಿ ತಪ್ಪಿಹೋಗುತ್ತೆ ಅಂತ ಓಡಿ ಹತ್ತಿದವ್ನಿಗೆ ಕಾಲು ಕಳ್ಕೊಳ್ಳೋ ಉದ್ದೇಶ ಇರುತ್ತಾ? ಹಳೇ ಹೈಕೋರ್ಟ್ ಆದೇಶ ತೋರಿಸಿ ಇವತ್ತಿನ ಕಾನೂನು ಅಲ್ಲಗಳೆಯೋಕೆ ಆಗಲ್ಲ. ಇದು ನನ್ನ ಅಭಿಪ್ರಾಯ ಅಲ್ಲ, ಈಗ ಜಾರಿಯಲ್ಲಿರೋ ಕಾನೂನು.

ತೆರಿಗೆದಾರ ಬೆಂಗಳೂರು:
ಕಾನೂನು ಇದೆ ಅಂದ ಮಾತ್ರಕ್ಕೆ ಸರಿ ಅಂತಲ್ಲ. ಕಾನೂನು ಬದಲಾಗ್ಬೇಕು ಅಂತಾನೇ ನಾನು ಹೇಳ್ತಿರೋದು.

ತುಮಕೂರು ಪಾಸ್:
ಇಷ್ಟು ಹೊತ್ತು ಕಾನೂನು ನಿಮ್ಮ ಕಡೆ ಇದೆ ಅಂತ ಸೆಕ್ಷನ್ 156 ಓದ್ತಿದ್ರಿ. ಈಗ ಕಾನೂನೇ ಸರಿ ಇಲ್ಲ ಅಂತೀರಿ. ನನಗೆ ಮಾತಾಡೋಕೆ ಮನಸ್ಸಿಲ್ಲ, ನಾಳೆ ಬೆಳಗ್ಗೆ ಅದೇ ಬಾಗಿಲಲ್ಲಿ ನಾನೂ ನಿಲ್ಬೇಕು.

ಗುಂಪಿನ ಅಡ್ಮಿನ್:
ವೈಯಕ್ತಿಕ ಮಾತು ಬೇಡ. ಮೂಲ ಪ್ರಶ್ನೆ ಹೊಸದುರ್ಗ ರೋಡ್ ಪತ್ರದ್ದು, ಅದಕ್ಕೆ ಬನ್ನಿ. ಇಬ್ಬರ ಒಂದೊಂದು ಕಾಮೆಂಟ್ ತೆಗೆದಿದ್ದೇನೆ.

ಬೀರೂರು ಜಂಕ್ಷನ್:
ಥ್ಯಾಂಕ್ಸ್ ಅಡ್ಮಿನ್. ಇನ್ನೊಂದು ಸಲ ಕೇಳ್ತೀನಿ. ಬಾಲಸೋರ್‌ಗೆ ಒಂದು ವರ್ಷ ಮುಂಚೆ, 2022ರ ಮೇ 16ರಂದು, ಬಾಲಸೋರ್ ಬರೋ ಅದೇ ಖರಗ್‌ಪುರ ಡಿವಿಷನ್ನಿನ ಬಾಂಕ್ರಾ ನಯಾಬಾಜ್ ಸ್ಟೇಷನ್ನಲ್ಲೂ ತಪ್ಪು ವೈರಿಂಗ್‌ನಿಂದ ಇದೇ ಥರದ ಘಟನೆ ಆಗಿತ್ತು. ಆಗಲೇ ಸರಿ ಮಾಡಿದ್ರೆ ಬಾಲಸೋರ್ ಆಗ್ತಿರಲಿಲ್ಲ ಅಂತ ಬಾಲಸೋರ್ ತನಿಖೆ ಮಾಡಿದ ರೈಲ್ವೆ ಸೇಫ್ಟಿ ಕಮಿಷನರ್ ವರದೀಲೇ ಇದೆ. ಆ ಕಮಿಷನರ್ ರೈಲ್ವೆ ಇಲಾಖೆ ಕೆಳಗೆ ಬರಲ್ಲ, ವಿಮಾನಯಾನ ಇಲಾಖೆ ಕೆಳಗೆ ಬರ್ತಾರೆ, ಹಾಗಾಗಿ ಒಳಗಿನವ್ರ ಮುಲಾಜು ಇಲ್ಲ. 2022ರಲ್ಲಿ ಒಂದು ಎಚ್ಚರಿಕೆ, 2023ರ ಫೆಬ್ರವರಿಯಲ್ಲಿ ನಮ್ಮೂರ ಹತ್ರ ಇನ್ನೊಂದು. ಎರಡನೇದು ನಮ್ಮ ಕಡೆ ಜೀವ ಉಳಿಸಿದ ಡ್ರೈವರ್‌ನಿಂದ ಬಂತು. ಅರೆಸ್ಟ್ ಆಗಿದ್ದು ಮೂರು ಜನ ಕೆಳ ಹಂತದವ್ರು. ಪರಿಹಾರ 8 ಲಕ್ಷ ಬಂತು ಅಂತ ಮನೆಯವ್ರು ಸುಮ್ನಾಗ್ಬೇಕು, ಮೇಲಿನವ್ರ ಹೆಸರು ಎಲ್ಲೂ ಬರಲ್ಲ. ತಪ್ಪು ಹುಡುಕದೆ ದುಡ್ಡು ಕೊಡೋ ಕಾನೂನು ಗಾಯಾಳುಗೆ ಒಳ್ಳೇದು, ವಕೀಲರ ಮಾತು ಒಪ್ತೀನಿ. ಆದ್ರೆ ಅದೇ ಕಾರಣಕ್ಕೆ ಟ್ರಿಬ್ಯೂನಲ್‌ನಲ್ಲಿ ಯಾರೂ "ಆ ಪತ್ರ ಏನಾಯ್ತು" ಅಂತ ಕೇಳಲ್ಲ. ಹಾಗಾದ್ರೆ ಎಲ್ಲಿ ಕೇಳ್ಬೇಕು?

ಮಲ್ಲೇಶ್ವರದ ವಕೀಲ:
"ದುಡ್ಡು ಬಂತು ಅಂತ ಸುಮ್ನಾಗ್ಬೇಕು" ಅಂತ ನಾನೆಲ್ಲೂ ಹೇಳಿಲ್ಲ, ದಯವಿಟ್ಟು ನನ್ನ ಬಾಯಲ್ಲಿ ಆ ಮಾತು ಇಡಬೇಡಿ.

ಹುಬ್ಬಳ್ಳಿ ಸಿಗ್ನಲ್:
"ಕೆಳ ಹಂತದವ್ರು" ಅಂದ್ರಿ, ಅದರಾಗ ಸೀನಿಯರ್ ಸೆಕ್ಷನ್ ಇಂಜಿನಿಯರ್ ಅದಾರ್ರಿ, ಸಣ್ಣ ಹುದ್ದೆ ಅಲ್ಲ ಅದು. ಅಷ್ಟು ತಿದ್ಕೋರಿ.

ತೆರಿಗೆದಾರ ಬೆಂಗಳೂರು:
ಮೇಲಿನವ್ರು ಕೆಳಗಿನವ್ರು ಬಿಡಿ. ಬಾಗಿಲಲ್ಲಿ ನಿಂತವ್ರ ವಿಷಯಕ್ಕೆ ಯಾರೂ ಇನ್ನೂ ನನಗೆ ಸರಿಯಾದ ಉತ್ತರ ಕೊಟ್ಟಿಲ್ಲ.

ತುಮಕೂರು ಪಾಸ್:
ವಕೀಲರೇ, ಜಗಳ ಅವ್ರು ಮುಂದುವರಿಸಲಿ. ಆ ಹುಡುಗನಿಗೆ ಬಿದ್ದು ಹತ್ತು ತಿಂಗಳಾಯ್ತು. ಈಗ ಅವ್ರಣ್ಣಂಗೆ ಫೋನ್ ಮಾಡಿ ಕೇಳ್ದೆ, ನಾನು ಮೇಲೆ ಕೇಸು ನಡೀತಿದೆ ಅಂತ ಬರೆದಿದ್ದು ಪೊಲೀಸ್ ಕೇಸಂತೆ, ಟ್ರಿಬ್ಯೂನಲ್‌ಗೆ ಇನ್ನೂ ಏನೂ ಹಾಕೇ ಇಲ್ಲ. ಒಂದು ವರ್ಷ ಅಂದ್ರಲ್ಲ, ಎರಡೇ ತಿಂಗಳು ಉಳ್ದಿರೋದು. ಏನೇನು ಕಾಗದ ತಗೊಂಡು ಬರ್ಬೇಕು ಹೇಳಿ.

ಮಲ್ಲೇಶ್ವರದ ವಕೀಲ:
ರೈಲ್ವೆ ಪೊಲೀಸ್ ಹತ್ರ ದೂರಿನ ಪ್ರತಿ, ಸ್ಥಳ ಪಂಚನಾಮೆ, ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ, ಅಂಗವೈಕಲ್ಯ ಪ್ರಮಾಣಪತ್ರ, ಆಪ್‌ಗೆ ಹಾಕಿದ್ದ ಮೊಬೈಲ್ ನಂಬರ್, ಆ ದಿನ ಟಿಕೆಟ್‌ಗೆ ದುಡ್ಡು ಹೋಗಿದ್ದು ಕಾಣೋ ಬ್ಯಾಂಕ್ ಸ್ಟೇಟ್‌ಮೆಂಟ್. ನೀವು ಜೊತೇಲಿದ್ರಿ ಅಂದ್ರೆ ನಿಮ್ಮ ಅಫಿಡವಿಟ್ಟೂ ಬೇಕು. ಮೆಸೇಜ್ ಹಾಕಿ, ಈ ವಾರವೇ ಬನ್ನಿ.

ತೆರಿಗೆದಾರ ಬೆಂಗಳೂರು:
ಅಫಿಡವಿಟ್‌ನಲ್ಲಿ ಅವ್ನು ಎಲ್ಲಿ ನಿಂತಿದ್ದ ಅನ್ನೋದನ್ನೂ ಬರೀರಿ.

ತುಮಕೂರು ಪಾಸ್:
ಬರೀತೀನಿ. ಬಾಗಿಲಲ್ಲಿ, ನನ್ನ ಪಕ್ಕದಲ್ಲಿ.